ನಾಲ್ಕನೇ ಮೋಡ

ಮೋಡವನ್ನು ಗಾಳಿ ತಿನ್ನುತ್ತದೆ ಅನ್ನುವುದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಅಕ್ಷರ ಕಲಿತದ್ದೂ ಹೆಚ್ಚೇನಲ್ಲ, ಎರಡನೇ ತರಗತಿಗೆ ನಿಂತಿತು. ಈ ಬರಹದಲ್ಲಿ ಎಲ್ಲಾದರೂ ದಾರಿ ತಪ್ಪಿದರೆ ಓದುವವರು ಹೊಂದಿಸಿಕೊಂಡು ಹೋಗಬೇಕು. ಮೋಡದ ವಿಷಯದಲ್ಲಿ ಮಾತ್ರ ಹೊಂದಿಸಿಕೊಳ್ಳುವ ಅಗತ್ಯವಿಲ್ಲ. ಅದನ್ನು ನನಗೆ ಕಲಿಸಿದವಳು ಅಪ್ಪನ ತಾಯಿ, ನಮ್ಮ ಅಜ್ಜಿ. ಕಲಿಸಿದ್ದು ಕುರುಗೋಡಿನ ನಮ್ಮ ಮನೆಯ ಕಟ್ಟೆಯ ಮೇಲೆ, ಉಣ್ಣೆ ಹಿಂಜುತ್ತಾ.

ನಮ್ಮದು ಕಂಬಳಿ ನೇಯುವ ಮನೆ. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಊಟಕ್ಕೆ ಮೂರು ಸಲ ಕರೆಯಬೇಕಿತ್ತು. ಅವ್ವ ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದಳು. ನನ್ನನ್ನು ಎತ್ತಿ ಆಡಿಸಿ, ಹೇನು ತೆಗೆದು, ಜಡೆ ಹೆಣೆದು, ಬೈದು ಬೆಳೆಸಿದವಳು ಅಕ್ಕ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ಮನೆಯಲ್ಲಿ ನಾವು ನಾಲ್ಕೇ ಮಂದಿ, ಆದರೆ ಓಣಿಯೆಲ್ಲಾ ನಮ್ಮ ಮನೆಯ ಹಾಗೇ ಇತ್ತು.

ಕುರಿಯ ಮೈಯಿಂದ ಕತ್ತರಿಸಿ ತಂದ ಉಣ್ಣೆ ಮೊದಲು ಗಂಟುಗಂಟಾಗಿ, ಕಸಕಡ್ಡಿ ಸೇರಿ, ಮುಷ್ಟಿಯಷ್ಟೇ ಇರುತ್ತದೆ. ಅದನ್ನು ಹಿಂಜುವ ಬಿಲ್ಲಿನ ಹುರಿಗೆ ತಾಗಿಸಿ ಮೀಟುತ್ತಾ ಹೋದರೆ ಎಳೆ ಎಳೆ ಬಿಡಿಸಿಕೊಂಡು ಉಬ್ಬುತ್ತದೆ. ಮುಷ್ಟಿಯಷ್ಟಿದ್ದದ್ದು ಮೊರದಷ್ಟಾಗುತ್ತದೆ. ಅದು ಹೇಗೆ ಬೆಳೆಯಿತು ಎಂದು ನಾನು ಕೇಳಿದಾಗ ಅಜ್ಜಿ ಬಿಲ್ಲು ನಿಲ್ಲಿಸಿ ಹೇಳಿದಳು.

"ಉಬ್ಬಿದ್ದು ಉಣ್ಣಿ ಅಲ್ಲಲೇ, ಗಾಳಿ. ಅಂಚಿನಿಂದ ಒಳಗ ಹೊಕ್ಕೈತಿ. ಇನ್ನಷ್ಟು ಹಿಂಜಿದ್ರ ಉಣ್ಣಿ ಎಲ್ಲೈತಿ ಅಂತ ಹುಡುಕಬೇಕಾಕ್ಕತಿ." ಆಮೇಲೆ ಗದ್ದವನ್ನೆತ್ತಿ ಗುಡ್ಡದ ಕಡೆ ತೋರಿಸಿದಳು. "ಅಲ್ನೋಡು, ಅದನ್ನೂ ಯಾರೋ ಹಿಂಜಾಕ ಹತ್ಯಾರ."

ಕುರುಗೋಡಿನ ಗುಡ್ಡ ಬರೀ ಬಂಡೆ. ಬೇಸಿಗೆಯಲ್ಲಿ ಬಂಡೆ ಕಾದ ಮೇಲೆ ಅದರ ನೆತ್ತಿಯ ಮೇಲೊಂದು ಬಿಳಿ ಮೋಡ ಹುಟ್ಟುತ್ತಿತ್ತು. ಬುಡ ಸಮ, ತಲೆ ಗುಂಡು. ನಾವು ನೋಡುತ್ತಾ ಇದ್ದ ಹಾಗೆ ಅದರ ಪಕ್ಕೆಗಳು ನೂಲು ನೂಲಾಗಿ, ಆಕಾಶದ ನೀಲಿ ಅದರೊಳಗೆ ತೂರಿಕೊಂಡು, ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಮುಗಿಸುವುದರಲ್ಲಿ ಮೋಡ ಮಾಯ. ನಮ್ಮ ಸೀಮೆಯ ಒಣ ಗಾಳಿಗೆ ಅಷ್ಟು ಹಸಿವು.

ಎರಡು ಅಂಚು ನೋಡಬೇಕು ಅನ್ನುತ್ತಿದ್ದಳು. ಪಂಚಮಿಗೆ ಹುರಿದ ಜೋಳದ ಅಳ್ಳು ಹೇಗೆ ಉಬ್ಬುಬ್ಬಾಗಿ, ಮಡಿಕೆ ಮಡಿಕೆಯಾಗಿ, ಮುಟ್ಟಿದರೆ ಗಟ್ಟಿ ಅನ್ನಿಸುತ್ತದೋ ಹಾಗಿದ್ದರೆ ಅದು ಅಳ್ಳಿನ ಅಂಚು, ಬೆಳೆಯುವ ಮೋಡ. ಹಿಂಜಿದ ಹಾಗೆ ಎಳೆ ಎಳೆಯಾಗಿದ್ದರೆ ಉಣ್ಣೆಯ ಅಂಚು, ಹೋಗುವ ಮೋಡ. ಇದೇನು ಆಟದ ಮಾತಲ್ಲ. ಕಂಬಳಿಯ ಹಾಸು, ಅಂದರೆ ಮಗ್ಗಕ್ಕೆ ಏರಿಸುವ ಉದ್ದದ ನೂಲು, ಗಟ್ಟಿಯಾಗಲು ಅದಕ್ಕೆ ಹುಣಸೆ ಬೀಜದ ಸರಿ ಹಚ್ಚಬೇಕು. ಬೀಜ ನೆನೆಸಿ, ಕುಟ್ಟಿ, ಗಂಜಿಯಂತೆ ಕುದಿಸಿ ಮಾಡುವ ಅಂಟು ಅದು. ಓಣಿಯುದ್ದಕ್ಕೂ ಗೂಟ ಹೊಡೆದು, ನೂಲು ಎಳೆದು ಕಟ್ಟಿ, ಕುಂಚದಲ್ಲಿ ಸರಿ ಬಳಿದು ಬಿಸಿಲಿಗೆ ಬಿಡುತ್ತಿದ್ದರು. ಅರ್ಧ ಒಣಗಿದಾಗ ಮಳೆ ಬಿದ್ದರೆ ಸರಿ ಕರಗಿ, ನೂಲಿಗೆ ನೂಲು ಅಂಟಿ, ವಾರದ ದುಡಿಮೆ ಒಂದು ಮುದ್ದೆ. ಅದಕ್ಕೇ ನಮ್ಮ ಓಣಿಯಲ್ಲಿ ಮೋಡ ನೋಡುವುದು ಹಾಲು ಕಾಯಿಸುವಾಗ ಒಲೆ ನೋಡಿದ ಹಾಗೆ.

ಒಮ್ಮೆ ಅಪ್ಪ ಕಂಬಳಿ ಮಾರಲು ಬಳ್ಳಾರಿಗೆ ಹೋಗುವಾಗ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡ. ಬಳ್ಳಾರಿ ಅಂದರೆ ಆಗ ನಮಗೆ ಬೇರೆ ದೇಶ. ಅಲ್ಲಿ ತೆಲುಗು, ಉರ್ದು, ಕನ್ನಡ ಮೂರೂ ಒಂದೇ ಬಾಯಲ್ಲಿ ಬರುತ್ತಿದ್ದವು. ನಾನು ಕೋಟೆ ಗುಡ್ಡ ನೋಡಲಿಲ್ಲ, ಬಳೆ ಅಂಗಡಿ ನೋಡಲಿಲ್ಲ. ಸ್ಟೇಷನ್ನಿನ ಹತ್ತಿರ ನಿಂತು ಇಂಜಿನ್ನಿನ ಉಗಿ ನೋಡಿದೆ. ಒಂದೊಂದು ಉಸಿರಿಗೂ ಬಿಳಿ ಉಂಡೆ ಮೇಲೆದ್ದು, ಅಂಚು ಒಳಗೊಳಗೆ ಸುರುಳಿ ಸುತ್ತಿಕೊಂಡು, ಪಕ್ಕದ ಗಾಳಿಯನ್ನು ನುಂಗುತ್ತಾ ದಪ್ಪವಾಗುತ್ತಿತ್ತು. ದಪ್ಪವಾದಷ್ಟೂ ತೆಳುವಾಗುತ್ತಿತ್ತು.

"ಮಂದಿ ರೈಲು ನೋಡತಾರ, ನೀ ಹೊಗಿ ನೋಡ್ತೀಯಲ್ಲಲೇ," ಅಂದ ಅಪ್ಪ.

"ಹೊಗಿ ಗಾಳಿ ಉಣ್ಣಾಕ ಹತ್ತೈತಪ್ಪಾ."

"ಉಂಡು?"

"ಉಂಡು ಬಡವಾಗಾಕ ಹತ್ತೈತಿ."

ಅಪ್ಪ ದಾರಿಯುದ್ದಕ್ಕೂ ನಕ್ಕ. ಊರಿಗೆ ಬಂದು ಓಣಿಗೆಲ್ಲಾ ಹೇಳಿದ. ಆ ಹೊತ್ತಿಗೆ ಅಜ್ಜಿಯ ಕಣ್ಣಿಗೆ ಪೊರೆ ಬಂದು ಮೋಡದ ಅಂಚು ಕಾಣದಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಮೋಡ ನೋಡುವ ಕೆಲಸ ನನಗೆ ಬಂತು. ಎಂಟು ವರ್ಷದ ಹುಡುಗಿಗೆ ಅದು ಎಂಥ ದೊಡ್ಡ ಅಧಿಕಾರ ಅನ್ನುತ್ತೀರಿ. ದೊಡ್ಡವರು ಗೂಟ ಹಿಡಿದು ನಿಂತು ನನ್ನ ಬಾಯಿ ನೋಡುತ್ತಿದ್ದರು. ಈಗ ನೆನೆಸಿಕೊಂಡರೂ ಎದೆ ಉಬ್ಬುತ್ತದೆ.

ಸ್ವಾತಂತ್ರ್ಯ ಬಂದ ಮರುವರ್ಷವೋ ಅದರ ಮರುವರ್ಷವೋ, ಅಕ್ಕನಿಗೆ ಸಿರುಗುಪ್ಪದ ಕಡೆ ಗಂಡು ಗೊತ್ತಾಯಿತು. ಅದು ಹೊಳೆಯ ಸೀಮೆ, ಹಳೇ ಕಾಲುವೆಯ ನೀರು, ಭತ್ತದ ಗದ್ದೆ. ನಿಶ್ಚಯಕ್ಕೆ ಬಂದ ಗಂಡಿನ ಅಜ್ಜಿ, ಎತ್ತರದ ದಪ್ಪ ದನಿಯ ಹೆಂಗಸು, ಕೂತವಳೇ ಚುಚ್ಚಿದಳು. "ನಿಮ್ಮೂರಿಗೆ ಬಂದ ಮೋಡಾನೂ ಉಪಾಸ ಹೋಗತಾವಂತ, ಹೌದೇನ್ರಿ?"

ನಮ್ಮ ಅಜ್ಜಿ ಬಿಡುವವಳಲ್ಲ. "ಹೌದ್ರಿ. ನಿಮಗ ಹೊಳಿ ಐತಿ, ಮ್ಯಾಲೆ ತಲಿ ಎತ್ತೋ ಕೆಲಸಾನ ಇಲ್ಲ. ಕುತಿಗಿ ಹೆಂಗೈತಿ, ತಿರಗತೈತಿಲ್ಲ?"

ಇಬ್ಬರೂ ನಕ್ಕರು. ಸಂಬಂಧ ಅಲ್ಲೇ ಗಟ್ಟಿಯಾಯಿತು.

ನಮ್ಮಲ್ಲಿ ಮದುಮಕ್ಕಳನ್ನು ಹೊಸ ಕಂಬಳಿಯ ಮೇಲೆ ಕೂರಿಸಬೇಕು. ಅದೂ ಹೆಣ್ಣಿನ ಅಪ್ಪ ತನ್ನ ಕೈಯಾರೆ ನೇಯ್ದ ಕಂಬಳಿ, ಮೈ ಕಪ್ಪು, ಎರಡೂ ಬದಿಗೆ ಬಿಳಿ ಅಂಚು. ಬೇರೆಯವರ ಮನೆಯಲ್ಲಾದರೆ ಎರವಲು ತರಬಹುದು. ಕಂಬಳಿಯವನ ಮಗಳೇ ಎರವಲು ಕಂಬಳಿಯ ಮೇಲೆ ಕೂತರೆ ಆ ಮಾತು ಅವಳ ಮೊಮ್ಮಕ್ಕಳ ತನಕ ಬೆನ್ನು ಹತ್ತುತ್ತದೆ. ಆ ವರ್ಷ ಮೇಯಲು ದೂರ ಹೋಗಿದ್ದ ಕುರಿ ಹಿಂಡು ತಡವಾಗಿ ಬಂತು. ಉಣ್ಣೆ ತಡ, ನೂಲು ತಡ. ಹಾಸು ಓಣಿಗೆ ಬರುವ ಹೊತ್ತಿಗೆ ಮದುವೆಗೆ ಆರೇ ದಿನ ಉಳಿದಿತ್ತು. ನೇಯಲು ನಾಲ್ಕು ದಿನ ಬೇಕು. ಅಕ್ಕನಿಗೆ ಆಗಲೇ ಅರಿಶಿಣ ಹಚ್ಚಿ ಒಳಗೆ ಕೂರಿಸಿದ್ದರು. ಅರಿಶಿಣ ಬಿದ್ದ ಮೇಲೆ ಮದುಮಗಳು ಹೊಸ್ತಿಲು ದಾಟುವಂತಿಲ್ಲ.

ಆ ದಿನ ನಸುಕಿನಲ್ಲೇ ಮೊದಲ ಸರಿ ಬಳಿದರು. ನಾನು ಕಟ್ಟೆಯ ಮೇಲೆ ಗುಡ್ಡದ ಕಡೆ ಮುಖ ಮಾಡಿ ಕೂತೆ. ಬಿಸಿಲು ಏರಿದ ಮೇಲೆ ಗುಡ್ಡದ ನೆತ್ತಿಯಲ್ಲಿ ಮೊದಲ ಮೋಡ ಹುಟ್ಟಿತು. ಉಣ್ಣೆಯ ಅಂಚು. ನೋಡುವಷ್ಟರಲ್ಲಿ ಹಿಂಜಿಹೋಯಿತು. ಅದೇ ಜಾಗದಲ್ಲಿ ಎರಡನೆಯದು ಬಂತು, ಸ್ವಲ್ಪ ಎತ್ತರಕ್ಕೆ ಹೋಗಿ ಅದೂ ಹೋಯಿತು. ಮೂರನೆಯದು ಇನ್ನೂ ಎತ್ತರ. ಅದರ ತಲೆ ಅಳ್ಳಿನ ಹಾಗಿತ್ತು, ಪಕ್ಕೆ ಮಾತ್ರ ಉಣ್ಣೆ. ನಾನು ಪಕ್ಕೆಯನ್ನೇ ನೋಡಿದೆ. ಅದೂ ಕರಗಿತು, ಆದರೆ ಕರಗಲು ಬಹಳ ಹೊತ್ತು ಹಿಡಿಯಿತು.

ಮೊದಲ ಸರಿ ಒಣಗಿತ್ತು. ಪದ್ಧತಿಯಂತೆ ಎರಡನೆಯದನ್ನು ಮರುದಿನ ನಸುಕಿನಲ್ಲಿ ಬಳಿಯಬೇಕು. ಆದರೆ ಒಂದು ದಿನ ಉಳಿದರೆ ಅದು ಬಂಗಾರ. ಅಪ್ಪ ಕುಂಚ ಹಿಡಿದು ನನ್ನ ಮುಂದೆ ಬಂದು ನಿಂತ.

"ಏನವ್ವ, ಎರಡನೇ ಸರಿ ಇವತ್ತ ಹೊಡೀಲೇನು, ನಾಳಿಗಿಡಲೇನು?"

"ಮೂರು ಮೋಡ ಬಂದ್ವಪ್ಪಾ. ಮೂರೂ ಹೋದ್ವು. ಹೊಡಿ."

"ನೋಡಿ ಹೇಳಾಕ ಹತ್ತೀಯಿಲ್ಲ?"

"ನೋಡೇ ಹೇಳಾಕ ಹತ್ತೀನಿ."

ಅಜ್ಜಿ ಒಳಗಿನಿಂದ ಕೇಳಿದಳು, "ಒಂದಕ್ಕಿಂತ ಒಂದು ಎತ್ತರ ಹೋದವೇನ?" ನನಗೆ ಕೇಳಿಸಿತು. ಉತ್ತರ ಕೊಡಲಿಲ್ಲ. ಅಧಿಕಾರ ತಲೆಗೇರಿತ್ತು.

ಅಪ್ಪ ಸರಿ ಬಳಿದ. ನೂಲೆಲ್ಲಾ ಒದ್ದೆಯಾಗಿ ಬಿಸಿಲಿಗೆ ಹೊಳೆಯುತ್ತಿತ್ತು. ಆಗ ಅದೇ ಬಂಡೆಯ ಮೇಲೆ ನಾಲ್ಕನೇ ಮೋಡ ಎದ್ದಿತು. ತಲೆ ಅಳ್ಳು, ಪಕ್ಕೆ ಅಳ್ಳು, ಬುಡದ ತನಕ ಅಳ್ಳು. ಗಾಳಿ ಅದನ್ನು ಮುಟ್ಟಲೇ ಇಲ್ಲ. ನಾನು ನೋಡಿದೆ, ನನಗೆ ತಿಳಿಯಿತು, ಆದರೂ ಕೂಗಲಿಲ್ಲ. ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನಾಚಿಕೆ. ಈಗ ಹೋದೀತು, ಈಗ ಹೋದೀತು ಎಂದು ಅದರ ಅಂಚನ್ನೇ ಬೇಡಿಕೊಳ್ಳುತ್ತಾ ಕೂತೆ. ಬಿಸಿಲು ಆರಿ ಓಣಿ ಕಪ್ಪಾದಾಗ ಅಪ್ಪನೇ ತಲೆ ಎತ್ತಿದ. ಅಷ್ಟರಲ್ಲಿ ಹುಣಸೆ ಬೀಜದಂಥ ಹನಿ ಬಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನನ್ನ ಖುಷಿ ಇರುವುದು ಇಲ್ಲೇ. ಆ ನಾಲ್ಕನೇ ಮೋಡ ಯಾಕೆ ಹೋಗಲಿಲ್ಲ ಅನ್ನುವುದು ನನಗೆ ಮೊನ್ನೆ ಮೊನ್ನೆಯ ತನಕ ತಿಳಿದಿರಲಿಲ್ಲ. ನನ್ನ ಮೊಮ್ಮಗಳು ಮಳೆ ಗಾಳಿಯ ವಿದ್ಯೆ ಓದಿದವಳು. ನಾನೀಗ ಇರುವ ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಗೆ ಬಂದವಳಿಗೆ ಮಾಳಿಗೆಯ ಮೇಲೆ ಕೂತು ಈ ಕಥೆ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡು ಕೇಳಿದಳು, "ಅಜ್ಜಿ, ಇದು ನಿಂಗ ಯಾರು ಹೇಳಿದ್ರು? ನಾವು ಇದನ್ನ ದೊಡ್ಡ ದೊಡ್ಡ ಲೆಕ್ಕ ಮಾಡಿ ಕಲ್ತೀವಿ." ಆಮೇಲೆ ಬಿಡಿಸಿ ಹೇಳಿದಳು. ಮೋಡ ಏರುವಾಗ ಸುತ್ತಲಿನ ಒಣ ಗಾಳಿಯನ್ನು ಪಕ್ಕೆಯಿಂದ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿ ಮೋಡದ ಸಣ್ಣ ಹನಿಗಳನ್ನು ಕುಡಿದು ತಣ್ಣಗಾಗಿ, ಭಾರವಾಗಿ, ಕೆಳಗಿಳಿಯುತ್ತದೆ. ಮೋಡದ ಕಸುವು ಹೋಗುತ್ತದೆ. ಆದರೆ ಹನಿ ಎಲ್ಲಿಗೂ ಹೋಗಿರುವುದಿಲ್ಲ, ತೇವವಾಗಿ ಆ ಗಾಳಿಯಲ್ಲೇ ಇರುತ್ತದೆ. ಮೊದಲನೆಯದು ಸತ್ತು ಜಾಗ ತೇವ ಮಾಡುತ್ತದೆ, ಎರಡನೆಯದು ಇನ್ನಷ್ಟು, ಮೂರನೆಯದು ಇನ್ನಷ್ಟು. ನಾಲ್ಕನೆಯದು ಹುಟ್ಟುವಾಗ ಅದು ಎಳೆದುಕೊಳ್ಳುವ ಗಾಳಿಯೇ ಹೊಟ್ಟೆ ತುಂಬಿದ ಗಾಳಿ. ಅದಕ್ಕೆ ತಿನ್ನಲು ಹಸಿವಿಲ್ಲ.

ಇದನ್ನು ನಾನು ಅವಳ ಬಾಯಿಂದ ಮೂರು ಸಲ ಹೇಳಿಸಿದೆ. ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಎದುರು ಮನೆಯವರಿಗೆ ಸಕ್ಕರೆ ಕೊಟ್ಟು ಬಂದೆ. ಏನು ವಿಶೇಷ ಅಂದರು. ಮೋಡದ ಲೆಕ್ಕ ಹೊಂದಿತು ಅಂದೆ. ವಯಸ್ಸಾಯಿತು ಪಾಪ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ನಾನು ಸತ್ತ ಮೋಡಗಳನ್ನು ಎಣಿಸಿದ್ದೆ, ಅವು ಏನು ಬಿಟ್ಟುಹೋದವು ಎಂದು ಎಣಿಸಿರಲಿಲ್ಲ. ಅಜ್ಜಿ ಕಣ್ಣು ಕಾಣದೆ ಒಳಗೆ ಕೂತು ಕೇಳಿದ ಪ್ರಶ್ನೆಯಲ್ಲೇ ಎಲ್ಲಾ ಇತ್ತು.

ಆ ದಿನದ ಮಳೆ ಬಹಳ ಹೊತ್ತು ಇರಲಿಲ್ಲ. ಒಲೆಯ ಮೇಲೆ ಒಂದು ರೊಟ್ಟಿ ಬೇಯುವಷ್ಟು ಹೊತ್ತು. ಆದರೆ ನೂಲಿನಿಂದ ಸರಿ ಹಾಲಿನ ಹಾಗೆ ಇಳಿದು ಓಣಿಯಲ್ಲಿ ಹರಿಯುತ್ತಿತ್ತು. ಅಪ್ಪ ಗೂಟ ಕಿತ್ತು ಹಾಸು ಸುತ್ತಲು ಹೋದ. ಅಜ್ಜಿ ಗೋಡೆ ತಡವುತ್ತಾ ಹೊರಗೆ ಬಂದಳು.

"ಸುತ್ತಬ್ಯಾಡ. ಹಸೀದು ಸುತ್ತಿದ್ರ ಕಂಬಳಿ ಅಲ್ಲ, ಗುಂಡಕಲ್ಲು ಆಕ್ಕತಿ. ಎಳದು ಕಟ್ಟಿದ್ದು ಹಂಗ ಇರಲಿ. ಒಣಗೋದರೊಳಗ ಒಂದೊಂದು ಎಳಿ ಬಿಡಸಬೇಕು. ಕರೀರಿ ಎಲ್ಲಾರ್ನೂ."

ಓಣಿಯ ಹೆಂಗಸರೆಲ್ಲಾ ಬಂದರು. ಆದರೂ ಕೈ ಸಾಲವು. ನೂರಾರು ಎಳೆ, ಗಳಿಗೆ ಗಳಿಗೆಗೂ ಅಂಟು ಬಿಗಿಯುತ್ತಿತ್ತು. ನಮ್ಮ ಓಣಿಯಲ್ಲಿ ಅಂಟಿದ ನೂಲು ಬಿಡಿಸುವುದರಲ್ಲಿ ಅಕ್ಕನ ಬೆರಳಿಗೆ ಸಮ ಬೆರಳಿರಲಿಲ್ಲ. ಅವಳು ಹೊಸ್ತಿಲ ಒಳಗೆ ನಿಂತು ಕೈ ಹಿಸುಕಿಕೊಳ್ಳುತ್ತಿದ್ದಳು.

ಅಜ್ಜಿ ಒಲೆಯ ಬೂದಿ ತರಿಸಿ, ನನ್ನ ಹೆಗಲು ಹಿಡಿದು ಓಣಿಯ ಕೊನೆಯ ಗೂಟದ ತನಕ ನಡೆದಳು. ಅಲ್ಲಿ ಬಗ್ಗಿ ಈ ಗೋಡೆಯಿಂದ ಆ ಗೋಡೆಗೆ ಬೂದಿಯ ಗೆರೆ ಎಳೆದಳು. ಎರಡೂ ತುದಿಗೆ ಕುಂಕುಮ ಇಟ್ಟಳು.

"ನಮ್ಮ ಮನಿ ಹೊಸ್ತಿಲು ಇವತ್ತು ಇಲ್ಲೈತಿ," ಅಂದಳು. "ಇದರೊಳಗ ಇರೋದೆಲ್ಲಾ ನಮ್ಮ ಪಡಸಾಲಿ. ಯಾರಿಗಾರ ಬ್ಯಾರೆ ಅನ್ನಿಸಿದ್ರ ಈಗ ಹೇಳ್ರಿ."

ಒಬ್ಬ ಮುದುಕಿ ಮಾತ್ರ ನೂಲಿನಿಂದ ಕೈ ತೆಗೆಯದೇ ಹೇಳಿದಳು, "ಪಡಸಾಲಿ ಭಾಳ ದೊಡ್ಡದು ಕಟ್ಟಿಸಿ ಬಿಡವ್ವ. ಕಸ ಹೊಡಿಯಾಕ ನೀನ ಬಾ ಮತ್ತ."

ಎಲ್ಲರೂ ನಕ್ಕರು. ಅಕ್ಕ ಹೊರಗೆ ಬಂದಳು.

ನಾನು ಅವಳ ಪಕ್ಕದಲ್ಲಿ ನಿಂತು ನೂಲು ಹಿಡಿದೆ. ತಲೆ ಎತ್ತಲಾಗಲಿಲ್ಲ. ಸಂಜೆ ಬಿಸಿಲು ಮತ್ತೆ ಬಿದ್ದಿತ್ತು. ಅಕ್ಕ ಮೆಲ್ಲಗೆ ಕೇಳಿದಳು.

"ನಾ ಹೋಗಬಾರ್ದು ಅಂತ ಹಂಗ ಹೇಳಿದೇನ?"

"ಇಲ್ಲಕ್ಕಾ. ನೀ ಹೋಗಬಾರ್ದು ಅಂತಿದ್ರ ಮೊದಲನೇ ಮೋಡಕ್ಕ ಒಳಗ ತಗೋರಿ ಅಂತಿದ್ನಿ. ಎರಡನೇದಕ್ಕೂ ಹಂಗ ಅಂತಿದ್ನಿ. ಆರು ದಿನಾನೂ ಅಂತಿದ್ನಿ."

ಅಕ್ಕನ ಬೆರಳು ನಿಂತಿತು. "ಅಂದ್ರ ಯೋಚನಿ ಮಾಡಿದ್ದಿ."

"ಮಾಡಿದ್ನಿ. ಬಿಟ್ಟೆ."

ಅವಳು ಮೊಣಕೈಯಿಂದ ನನ್ನ ತಲೆಗೆ ಒಂದು ಕೊಟ್ಟಳು. ನಕ್ಕಳೋ ಅತ್ತಳೋ ನಾನು ನೋಡಲಿಲ್ಲ.

ಕತ್ತಲಾಗುವ ಮೊದಲು ಎಳೆಗಳೆಲ್ಲಾ ಬಿಡಿಬಿಡಿಯಾದವು. ಮರುದಿನ ಮನೆಗೊಂದು ಬೊಗಸೆ ಹುಣಸೆ ಬೀಜ ಬಂತು. ಹೊಸ ಸರಿ ಕುದಿಯಿತು. ಅಪ್ಪ ನಸುಕಿನಲ್ಲೇ ಬಳಿದು, ಬಿಸಿಲು ಏರುವುದರೊಳಗೆ ಒಣಗಿಸಿ, ಅಂದೇ ಮಗ್ಗಕ್ಕೆ ಏರಿಸಿದ. ಮೋಡದ ಮಾತು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಗುಡ್ಡದ ಕಡೆ ನೋಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅಪ್ಪ ಬೈಯಲಿಲ್ಲ, ನೇಯುತ್ತಾ ಕೂತ. ಊಟದ ತಟ್ಟೆಯನ್ನು ಮಗ್ಗದ ಬಳಿಗೇ ನಾನು ಒಯ್ಯುತ್ತಿದ್ದೆ. ಮದುವೆಯ ಬೆಳಿಗ್ಗೆ ಬೀಗರ ಗಾಡಿಗಳ ಗಂಟೆ ಊರ ಹೊರಗೆ ಕೇಳಿಸುವಾಗ ಕಂಬಳಿ ಮಗ್ಗದಿಂದ ಇಳಿಯಿತು.

ಅದನ್ನು ಹಾಸಿದ ಮೇಲೆಯೇ ನಮಗೆ ಕಂಡದ್ದು. ಕಪ್ಪು ಮೈಯಲ್ಲಿ ಏನೂ ಇಲ್ಲ. ಬಿಳಿ ಅಂಚಿನಲ್ಲಿ ಮಾತ್ರ ಉದ್ದಕ್ಕೂ ಅಲ್ಲಲ್ಲಿ ಹಳದಿ. ಅಕ್ಕನ ಅರಿಶಿಣದ ಬೆರಳು. ಕತ್ತಲೆ ಕುಣಿಯಲ್ಲಿ ಕೂತು ನೇಯ್ದ ಅಪ್ಪನಿಗೆ ಅದು ಕಂಡಿರಲಿಲ್ಲ. ಗಂಡಿನ ಅಜ್ಜಿ ಬಗ್ಗಿ ಅಂಚು ಮುಟ್ಟಿ ನೋಡಿದಳು. ಬೆರಳು ಮೂಸಿದಳು. ಅರಿಶಿಣ ಅಂತ ಗೊತ್ತಾಗದ ಹೆಂಗಸು ಯಾರಿದ್ದಾರೆ.

"ಮದುಮಗಳು ಹಾಸು ಮುಟ್ಯಾಳಲ್ಲ," ಅಂದಳು. "ಹಾಸು ಇರೋದು ಓಣ್ಯಾಗ. ಹೊಸ್ತಿಲು ದಾಟಿದ್ಲೇನ್ರಿ?"

ಅಪ್ಪನ ಮುಖ ನೋಡಲಾಗುತ್ತಿರಲಿಲ್ಲ. ನಮ್ಮ ಅಜ್ಜಿ ಬಾಯಿ ತೆರೆಯುವ ಮೊದಲು ನಾನು ಮುಂದೆ ಹೋಗಿ ನಿಂತೆ. ಯಾವ ಧೈರ್ಯವೋ ತಿಳಿಯದು. ಎಲ್ಲಾ ಹೇಳಿದೆ. ಮೂರು ಮೋಡ ಹೋದದ್ದು, ಒಂದಕ್ಕಿಂತ ಒಂದು ಎತ್ತರ ಹೋದದ್ದು, ಅಜ್ಜಿ ಕೇಳಿದ್ದು, ನಾನು ಉತ್ತರ ಕೊಡದಿದ್ದದ್ದು, ನಾಲ್ಕನೆಯದನ್ನು ಕಂಡೂ ಕೂಗದೇ ಕೂತದ್ದು. ಇದನ್ನು ಅಪ್ಪನೂ ಆಗಲೇ ಮೊದಲ ಸಲ ಕೇಳಿದ್ದು. ಕೊನೆಗೆ ಬೂದಿಯ ಗೆರೆಯ ಮಾತು ಹೇಳಿದೆ. "ದಾಟಿಲ್ರಿ. ಗೆರಿ ಒಳಗ ಇದ್ಲು. ನಾ ಆಕಿ ಪಕ್ಕ ನೂಲು ಹಿಡಕೊಂಡು ನಿಂತಿದ್ನಿ."

ಆ ಹೆಂಗಸು ನನ್ನನ್ನು ನೋಡಿದಳು, ನಮ್ಮ ಅಜ್ಜಿಯನ್ನು ನೋಡಿದಳು. "ಹೊಸ್ತಿಲು ಎತ್ತಿ ಓಣಿ ಕೊನಿಗೆ ಇಟ್ರಿ ಅನ್ನು," ಅಂದಳು. "ಕುತಿಗಿ ತಿರಗತೈತಿಲ್ಲ ಅಂತ ನನ್ನ ಕೇಳಿದೋರು ನೀವು. ನಿಮ್ಮ ಹೊಸ್ತಿಲಾನ ತಿರಗತೈತಲ್ರಿ."

ನಮ್ಮ ಅಜ್ಜಿ ಹೇಳಿದಳು, "ಉಪಾಸದ ಸೀಮಿ ನೋಡ್ರಿ. ಇದ್ದಲ್ಲೆ ಇದ್ರ ನಮ್ಮದು ನಡಿಯಂಗಿಲ್ಲ."

ಗಂಡಿನ ಅಜ್ಜಿ ತನ್ನ ಸೆರಗಿನಿಂದ ಕಂಬಳಿಯ ಅಂಚನ್ನೊಮ್ಮೆ ಒರೆಸಿದಳು. ಹಳದಿ ಹೋಗಲಿಲ್ಲ, ಹೋಗಲಿ ಎಂದು ಒರೆಸಿದಂತೆಯೂ ಇರಲಿಲ್ಲ. "ಕೂಡ್ರಸ್ರಿ," ಅಂದಳು. "ಹೊತ್ತಾತು."

ಅಕ್ಕ ಅಪ್ಪ ನೇಯ್ದ ಕಂಬಳಿಯ ಮೇಲೆ ಕೂತಳು.

ಮದುಮಗಳ ಜೊತೆ ಮೊದಲ ಹದಿನೈದು ದಿನಕ್ಕೆ ಒಬ್ಬ ಹುಡುಗಿಯನ್ನು ಕಳಿಸುವುದು ವಾಡಿಕೆ. ಸೋದರತ್ತೆಯ ಮಗಳು ಹೋಗುವುದೆಂದು ಮಾತಾಗಿತ್ತು. ಗಾಡಿ ಹೊರಡುವಾಗ ಗಂಡಿನ ಅಜ್ಜಿ, ಅಂದರೆ ಆ ಮನೆಯ ಹಿರಿಯಜ್ಜಿ, ನನ್ನ ಕಡೆ ಬೆರಳು ತೋರಿಸಿ, "ಆಕಿ ಬ್ಯಾಡ. ಈ ಮೋಡದಾಕಿನ್ನ ಹತ್ತಸ್ರಿ. ನಮ್ಮ ಮಾಳಿಗಿ ತುಂಬ ಸಂಡಿಗಿ ಅದಾವು," ಅಂದಳು. ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನನ್ನು ಎತ್ತಿ ಗಾಡಿಯಲ್ಲಿ ಅಕ್ಕನ ಪಕ್ಕಕ್ಕೆ ಇಟ್ಟು, "ಅಜ್ಜಿ ಕೇಳಿದ್ರ ಉತ್ತರ ಕೊಡು," ಅಂದ. ಆರು ದಿನದಲ್ಲಿ ಮೋಡದ ಬಗ್ಗೆ ಅವನು ಆಡಿದ ಮಾತು ಅದೊಂದೇ.

ಸಿರುಗುಪ್ಪದಲ್ಲಿ ನಾನು ಪೂರ್ತಿ ಸೋತೆ. ಅಲ್ಲಿನ ಗಾಳಿಯೇ ಬೇರೆ. ಹೊಳೆ, ಕಾಲುವೆ, ಗದ್ದೆಯ ನೀರು ಕುಡಿದು ಮಲಗಿದ ಗಾಳಿ ಅದು. ಕುರುಗೋಡಿನಲ್ಲಾದರೆ ಗಳಿಗೆಯಲ್ಲಿ ಹಿಂಜಿಹೋಗುವ ಮೋಡ ಅಲ್ಲಿ ಮಧ್ಯಾಹ್ನವೆಲ್ಲಾ ಎಮ್ಮೆಯ ಹಾಗೆ ಬಿದ್ದುಕೊಂಡಿರುತ್ತಿತ್ತು. ಅಳ್ಳಿನ ಅಂಚು ಅಂದರೆ ಮಳೆ ಬರುತ್ತಿರಲಿಲ್ಲ, ಉಣ್ಣೆಯ ಅಂಚು ಅಂದರೆ ಬಂದುಬಿಡುತ್ತಿತ್ತು. ಹಿರಿಯಜ್ಜಿ ದಿನಾ ಕೇಳುವಳು, ನಾನು ದಿನಾ ಉತ್ತರ ಕೊಡುವೆ, ದಿನಾ ತಪ್ಪು. ನಾನು "ಮಳಿ ಇಲ್ಲ" ಅಂದರೆ ಸೊಸೆಯರೆಲ್ಲಾ ಎದ್ದು ಮೊರ ಹಿಡಿದುಕೊಳ್ಳುವುದನ್ನು ಕಲಿತರು. ಹೊಸ ಸೊಸೆಯಾದ ನಮ್ಮ ಅಕ್ಕ ಎಲ್ಲರಿಗಿಂತ ಮೊದಲು ಏಣಿ ಹತ್ತುತ್ತಿದ್ದಳು. ಮೇಲೆ ದಪ್ಪ ಹನಿ ಬೀಳುತ್ತಿದ್ದರೆ ಸೆರಗಿನ ತುಂಬ ಸಂಡಿಗೆ ತುಂಬಿಕೊಂಡು, ಆ ಮನೆಯವರ ನಡುವೆ ನಿಂತು, ಉಸಿರು ಕಟ್ಟುವಷ್ಟು ನಗುತ್ತಿದ್ದಳು.